ಗರಿಗಾಳ: ಹುಂಜದ ಗರಿಯಿಂದ ಮೀನು ಹಿಡಿಯುವ ವಿದ್ಯೆ

ಕೆಳಮಟ್ಟದ ಕಾಲುವೆಗೆ ನೀರು ಬಂತೆಂದರೆ ನಮ್ಮ ಕಡೆಯ ಹುಡುಗರಿಗೆ ಹಬ್ಬ. ಹೊಸಪೇಟೆಯ ಅಣೆಕಟ್ಟಿನಿಂದ ಹೊರಟ ತುಂಗಭದ್ರೆಯ ನೀರು ಬಳ್ಳಾರಿ ಜಿಲ್ಲೆಯನ್ನು ದಾಟಿ ಆದವಾನಿ, ಎಮ್ಮಿಗನೂರು ಕಡೆಯ ಹೊಲಗಳಿಗೆ ಹರಿಯುವಾಗ ತನ್ನೊಡನೆ ಮೀನನ್ನೂ ತರುತ್ತದೆ. ಉಪಕಾಲುವೆ, ಹಳ್ಳ, ಕೆರೆ ಎಲ್ಲೆಡೆಗೂ ಅದು ಹಂಚಿಹೋಗುತ್ತದೆ. ಬಲೆಯಿಲ್ಲದ, ದೋಣಿಯಿಲ್ಲದ ಒಕ್ಕಲು ಮನೆಯವರಿಗೂ ವಾರಕ್ಕೊಂದು ದಿನ ಮೀನಿನ ಸಾರು ದೊರೆಯುವುದು ಇದರಿಂದಲೇ.

ಆದರೆ ಈ ಮೀನನ್ನು ಹಿಡಿಯುವ ರೀತಿಯ ವಿಷಯದಲ್ಲಿ ನಾವು ಸ್ವಲ್ಪ ನಾಚಿಕೆಪಡಬೇಕಾಗಿದೆ. ಒಂದು ಬೇಸಗೆ ನಾವು ಹಳ್ಳದ ಮಡುವೊಂದರ ದಂಡೆಯಲ್ಲಿ ನಿಂತು ಕಣ್ಣಾರೆ ಕಂಡ ಸಂಗತಿಯಿದು. ಹತ್ತಿಗೆ ಹೊಡೆದು ಉಳಿದ ಔಷಧಿಯನ್ನು ಯಾರೋ ಹಿಂದಿನ ರಾತ್ರಿ ಮಡುವಿಗೆ ಸುರಿದಿದ್ದರು. ಆರಿಸಿಕೊಂಡು ಹೋದದ್ದು ನಾಲ್ಕಾರು ಸೇರು ಮೀನು, ಬಿಟ್ಟುಹೋದದ್ದು ಲೆಕ್ಕವಿಲ್ಲ. ಬೆರಳುದ್ದದ ಮರಿಗಳು, ಏಡಿ, ಕಪ್ಪೆ, ನೀರಹುಳು ಎಲ್ಲವೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ದನಗಾಹಿ ಹುಡುಗನೊಬ್ಬ ಬಾಯಾರಿದ ಎಮ್ಮೆಗಳನ್ನು ನೀರಿಗೆ ಬಿಡದೆ ಕೋಲು ಅಡ್ಡ ಹಿಡಿದು ನಿಂತಿದ್ದ. ಆ ಮೀನನ್ನು ತಿಂದವರ ಹೊಟ್ಟೆಗೆ ಸೇರಿದ್ದೇನು ಎಂಬುದನ್ನು ವಾಚಕರು ತಾವೇ ಊಹಿಸಬಹುದು.

ಹಾಗೆ ಮಾಡಬೇಡಿ ಎಂದು ಬರೆದುಬಿಡುವುದು ಸುಲಭ. ಆದರೆ ಬೇಡವೆಂದು ಹೇಳುವವನು ಮಾಡಬೇಕಾದದ್ದನ್ನೂ ತೋರಿಸಬೇಕು. ಆದ್ದರಿಂದ ಈ ವಾರ, ಹುಂಜದ ಗರಿ, ಹತ್ತಿಯ ನೂಲು, ಒಂದು ಮುಳ್ಳು, ಒಂದು ಬಿದಿರುಕೋಲು ಇಷ್ಟರಿಂದಲೇ ಮೀನು ಹಿಡಿಯುವ ಬಗೆಯನ್ನು ವಿವರಿಸುತ್ತೇವೆ. ಇದಕ್ಕೆ ನಮ್ಮಲ್ಲಿ ರೂಢಿಯ ಹೆಸರಿಲ್ಲ. ಗರಿಗಾಳ ಎಂದು ಕರೆಯೋಣ.

ಹಳೆಯ ವಿದ್ಯೆ

ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸ ಎಂದು ನಗುವವರುಂಟು. ಅವರು ಇದನ್ನು ತಿಳಿಯಬೇಕು. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವೆಂಬ ದೊಡ್ಡ ಗ್ರಂಥವನ್ನು ರಚಿಸಿದನು. ಅದರಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಅಧ್ಯಾಯವೇ ಇದೆ. ಕಡಲ ಮೀನು ಯಾವುದು, ಹೊಳೆಯ ಮೀನು ಯಾವುದು, ಹುರುಪೆಯುಳ್ಳದ್ದು ಯಾವುದು, ಇಲ್ಲದ್ದು ಯಾವುದು, ಮೀನಿಗೆ ಮೇವು ಹಾಕುವುದು ಹೇಗೆ, ಗಾಳದ ಕೋಲು, ದಾರ, ಮುಳ್ಳುಗಳು ಹೇಗಿರಬೇಕು ಎಂದು ಅರಸನೇ ಕುಳಿತು ಬರೆಸಿದ್ದಾನೆ. ಮೀನುಗಳ ಶಾಸ್ತ್ರದಲ್ಲಿ ಹೆಸರಾದ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯದ ಮೇಲೆ ಲೇಖನ ಬರೆದು ವಿದ್ವಾಂಸರ ಗಮನಕ್ಕೆ ತಂದರು.

ಸೋಮೇಶ್ವರನದು ಎರೆ ಹಾಕಿ ಹಿಡಿಯುವ ಬೇಟೆ. ಗರಿಯ ಸಂಗತಿ ಬರುವುದು ಅವನಿಗಿಂತಲೂ ಸುಮಾರು ಒಂಬೈನೂರು ವರ್ಷ ಹಿಂದೆ, ದೂರದ ದೇಶದಲ್ಲಿ. ಗ್ರೀಸಿನ ಉತ್ತರಕ್ಕಿರುವ ಮ್ಯಾಸಿಡೋನಿಯದ ಜನರು ಹೊಳೆಯ ಮೇಲೆ ಹಾರುವ ಒಂದು ಹುಳುವನ್ನು ಮೀನು ನುಂಗುವುದನ್ನು ಕಂಡು, ಮುಳ್ಳಿಗೆ ಕೆಂಪು ಉಣ್ಣೆ ಸುತ್ತಿ, ಹುಂಜದ ಕೊರಳಿನ ಎರಡು ಗರಿಗಳನ್ನು ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಏಲಿಯನ್ ಎಂಬ ರೋಮಿನ ಲೇಖಕನು ಬರೆದಿದ್ದಾನೆ. ಜಪಾನಿನ ಬೆಟ್ಟದ ಜನರೂ ಇದೇ ವಿದ್ಯೆಯನ್ನು ತಮ್ಮದೇ ರೀತಿಯಲ್ಲಿ ಬೆಳೆಸಿಕೊಂಡರು. ಅವರದು ಉದ್ದನೆಯ ಬಿದಿರುಕೋಲು, ಅದರ ತುದಿಗೆ ಕಟ್ಟಿದ ದಾರ, ದಾರದ ತುದಿಗೆ ಗರಿಯ ಮುಳ್ಳು, ಇಷ್ಟೇ. ದಾರ ಸುತ್ತುವ ಯಂತ್ರವಿಲ್ಲ. ಇದಕ್ಕೆ ಅವರು ಟೆಂಕಾರಾ ಎನ್ನುತ್ತಾರೆ. ಸಾವಿರಾರು ರೂಪಾಯಿಯ ಸಲಕರಣೆ ಕೊಳ್ಳಲಾರದ ನಮಗೆ ಈ ಜಪಾನೀ ಕ್ರಮವೇ ಸರಿಯಾದದ್ದು.

ಇದರ ಮರ್ಮ

ಎರೆಹುಳು ಸಿಕ್ಕಿಸಿದ ಗಾಳವನ್ನು ಎಸೆದಾಗ ಹುಳುವಿನ ಭಾರ, ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತದೆ. ಗರಿಗೆ ಭಾರವೆಲ್ಲಿಯದು? ಆದ್ದರಿಂದ ಇಲ್ಲಿ ದಾರದ ಭಾರವೇ ಗರಿಯನ್ನು ಹೊತ್ತೊಯ್ಯಬೇಕು. ದನ ಕಾಯುವವನ ಚಾವಟಿಯನ್ನು ನೆನೆಯಿರಿ. ಬುಡ ದಪ್ಪ, ತುದಿ ಸಣ್ಣ. ಕೈಯ ಒಂದು ಸಣ್ಣ ಚಲನೆ ತುದಿಯವರೆಗೂ ಓಡುತ್ತದೆ. ಗರಿಗಾಳದ ದಾರವೂ ಹಾಗೆಯೇ ಇರಬೇಕು.

ಎರಡನೆಯ ಮರ್ಮ ಮೀನಿನ ಹೊಟ್ಟೆಯದು. ಅನೇಕ ಮೀನುಗಳ ನಿತ್ಯದ ಆಹಾರ ಹುಳುಗಳೇ. ಮೊದಲ ಮಳೆಯ ಸಂಜೆ ಈಸಲು ಹುಳುಗಳು ದೀಪಕ್ಕೆ ಮುತ್ತುವಾಗ ಕೆರೆಯ ಬಳಿಗೆ ಹೋಗಿ ನೋಡಿ. ನೀರಿಗೆ ಬಿದ್ದ ಈಸಲನ್ನು ನುಂಗಲು ಮೀನುಗಳು ಮೇಲೆದ್ದು ನೀರೆಲ್ಲ ಕುದಿಯುವಂತೆ ಕಾಣುತ್ತದೆ. ಜೋಳದ ಹೊಲದಿಂದ ಹಾರಿ ಕಾಲುವೆಗೆ ಬಿದ್ದ ಮಿಡತೆಗೂ ಅದೇ ಗತಿ. ಈ ಹುಳುಗಳ ನೆರಳನ್ನು ಗರಿಯಲ್ಲಿ ಕಟ್ಟುವುದೇ ನಮ್ಮ ಕೆಲಸ. ಹುಳುವಿನ ಚಿತ್ರ ಬರೆಯಬೇಕಾಗಿಲ್ಲ. ಗಾತ್ರ, ಬಣ್ಣ, ಅಲುಗಾಟ ಈ ಮೂರು ಹೊಂದಿದರೆ ಸಾಕು.

ಹುಳು ತಿನ್ನದ ಮೀನಿಗೆ ಇದು ಆಗದು. ರೋಹು, ಮೃಗಾಲ್‌ಗಳು ಗರಿಗೆ ಬಾಯಿ ಹಾಕುವುದು ಅಪರೂಪ. ಬೆಳ್ಳಿಯಂತೆ ಹೊಳೆಯುತ್ತ ಮೇಲ್ನೀರಿನಲ್ಲಿ ಓಡುವ ಕಿರುಮೀನು, ಪರಿಗೆ ಜಾತಿಯವು, ಜಿಲೇಬಿ ಮೀನು, ಇವು ಸಣ್ಣ ಗರಿಗೆ ಬರುತ್ತವೆ. ನಾವು ಕೊರವ ಎನ್ನುವ, ಸಂತೆಯಲ್ಲಿ ಕೊರಮೀನೆಂದು ತೆಲುಗಿನಲ್ಲಿ ಕೂಗಿ ಮಾರುವ ಮೀನು ಬೇಟೆಗಾರ. ಅದಕ್ಕೆ ದೊಡ್ಡ ಕಟ್ಟು ಬೇಕು.

ಬೇಕಾದ ಸಾಮಾನು

ಕೋಲು: ಹತ್ತರಿಂದ ಹನ್ನೆರಡು ಅಡಿಯ, ತುದಿ ಸಣ್ಣಗೆ ಬಾಗುವ ಬಿದಿರು. ಹಸಿಯದು ಬೇಡ. ನೆರಳಿನಲ್ಲಿ ಒಂದು ತಿಂಗಳು ಒಣಗಿಸಿ, ಗಿಣ್ಣುಗಳನ್ನು ನಯಮಾಡಿ. ತುದಿಗೆ ಎರಡು ಅಂಗುಲ ಗಟ್ಟಿ ದಾರವನ್ನು ಬಾಲದಂತೆ ಕಟ್ಟಿ ಅಂಟು ಹಚ್ಚಿ. ಗಾಳದ ದಾರವನ್ನು ಈ ಬಾಲಕ್ಕೆ ಕುಣಿಕೆ ಹಾಕಬೇಕು.

ದಾರ: ಕೋಲಿನಷ್ಟೇ ಉದ್ದ. ಮೊದಲ ಮೂರನೆಯ ಒಂದು ಪಾಲಿಗೆ ನೈಲಾನಿನ ನಾಲ್ಕು ಎಳೆ ಹೊಸೆಯಿರಿ, ನಡುವಿನ ಪಾಲಿಗೆ ಮೂರು, ಕೊನೆಯ ಪಾಲಿಗೆ ಎರಡು. ಅದರ ತುದಿಗೆ ಮೂರು ಅಡಿ ತೆಳ್ಳನೆಯ ಒಂಟಿ ಎಳೆ ಸೇರಿಸಿ. ಹಿಂದೆ ಕುದುರೆಯ ಬಾಲದ ಕೂದಲನ್ನು ಹೀಗೆ ಹೊಸೆಯುತ್ತಿದ್ದರು.

ಮುಳ್ಳು: ಅಂಗಡಿಯಲ್ಲಿ ಗಾಳದ ಮುಳ್ಳಿಗೆ ನಂಬರಿರುತ್ತದೆ; ನಂಬರು ಹೆಚ್ಚಿದಂತೆ ಮುಳ್ಳು ಚಿಕ್ಕದು. ಕಿರುಮೀನಿಗೆ ೧೨ ಅಥವಾ ೧೪, ಜಿಲೇಬಿಗೆ ೧೦, ಕೊರವನಿಗೆ ೨. ಮುಳ್ಳಿನ ತುದಿಯ ಹಿಂದಿರುವ ಕೊಂಕನ್ನು ಇಕ್ಕಳದಿಂದ ಒತ್ತಿ ಮಡಿಸಿಬಿಡಿ. ದಾರವನ್ನು ಸಡಿಲ ಬಿಡದಿದ್ದರೆ ಮೀನು ತಪ್ಪುವುದಿಲ್ಲ. ಬಿಡಬೇಕಾದ ಮೀನನ್ನು ಗಾಯವಿಲ್ಲದೆ ಬಿಡಬಹುದು. ನಿಮ್ಮ ಬೆರಳಿಗೆ ಚುಚ್ಚಿದರೂ ಸುಲಭವಾಗಿ ಹೊರಬರುತ್ತದೆ.

ಗರಿ: ಮನೆಯ ಹುಂಜದ ಕೊರಳಿನದು, ಹೇಂಟೆಯ ಬೆನ್ನಿನದು. ಹುಂಜದ ಗರಿ ಬಿರುಸು, ಅದು ನೀರಿನ ಮೇಲೆ ನಿಲ್ಲುತ್ತದೆ. ಹೇಂಟೆಯ ಗರಿ ಮೆದು, ಅದು ನೀರು ಕುಡಿದು ಮುಳುಗಿ ಒಳಗೆ ಅಲುಗುತ್ತದೆ. ಎರಡಕ್ಕೂ ಬೇರೆ ಬೇರೆ ಕೆಲಸವಿದೆ.

ನೂಲು: ಹತ್ತಿಯ ನಾಡಾದ ಆದವಾನಿಯಲ್ಲಿ, ಮಗ್ಗದ ಊರಾದ ಎಮ್ಮಿಗನೂರಿನಲ್ಲಿ ನೂಲಿಗೆ ಕೊರತೆಯೇ? ಹೊಲಿಗೆಯ ತೆಳ್ಳನೆಯ ದಾರ, ತುಂಡು ಕಂಬಳಿಯ ಉಣ್ಣೆ, ಸ್ವಲ್ಪ ಜೇನುಮೇಣ, ಒಂದು ಕತ್ತರಿ, ಒಂದು ಸೀಸೆ ಉಗುರುಬಣ್ಣ ಸಾಕು.

ಕಟ್ಟುವ ಕ್ರಮ

ಮುಳ್ಳನ್ನು ಹಿಡಿಯಲು ಪೇಟೆಯವರು ವಿಶೇಷ ಯಂತ್ರ ಇಟ್ಟುಕೊಳ್ಳುತ್ತಾರೆ. ನಮಗೆ ಇಕ್ಕಳ ಸಾಕು. ಮುಳ್ಳಿನ ಬಾಗಿದ ಭಾಗವನ್ನು ಇಕ್ಕಳದ ಬಾಯಿಗೆ ಕೊಟ್ಟು, ಹಿಡಿಗೆ ಸೈಕಲ್ ಟ್ಯೂಬಿನ ರಬ್ಬರು ಬಿಗಿಯಾಗಿ ಸುತ್ತಿದರೆ ಅದು ತಾನಾಗಿ ಕಚ್ಚಿ ಹಿಡಿಯುತ್ತದೆ. ಇಕ್ಕಳವನ್ನು ಮಣೆಯ ಮೇಲೆ ಇಟ್ಟಿಗೆಯಿಂದ ಒತ್ತಿಡಿ.

೧. ದಾರಕ್ಕೆ ಮೇಣ ಉಜ್ಜಿ. ಮುಳ್ಳಿನ ಕಣ್ಣಿನ ಹಿಂದೆ ಸ್ವಲ್ಪ ಜಾಗ ಬಿಟ್ಟು ಸುತ್ತಲು ತೊಡಗಿ, ಒತ್ತೊತ್ತಾಗಿ ಬಾಗಿನವರೆಗೆ ಹೋಗಿ. ಬರಿಯ ಮುಳ್ಳಿನ ಮೇಲೆ ಕಟ್ಟಿದ್ದು ಜಾರುತ್ತದೆ. ಈ ಸುತ್ತೇ ಅಡಿಪಾಯ.

೨. ಉಣ್ಣೆಯ ಎಳೆಯನ್ನು ಬಾಗಿನ ಬಳಿ ಕಟ್ಟಿ. ದಾರವನ್ನು ಮುಂದಕ್ಕೆ ತನ್ನಿ. ಬಳಿಕ ಉಣ್ಣೆಯನ್ನು ಸುತ್ತುತ್ತ ಮುಂದಕ್ಕೆ ತಂದು ದಾರದಿಂದ ಬಂಧಿಸಿ. ಇದು ಹುಳುವಿನ ಮೈ. ದಪ್ಪ ಮಾಡಬೇಡಿ, ಹೊಸಬರ ಕೈಯಲ್ಲಿ ಇದು ಯಾವಾಗಲೂ ಹತ್ತಿಯ ಕಾಯಿಯಷ್ಟು ಉಬ್ಬುತ್ತದೆ.

೩. ಗರಿಯ ಬುಡದ ತುಪ್ಪುಳವನ್ನು ಕಿತ್ತುಹಾಕಿ. ಗರಿಯ ಎಳೆಗಳು ಮುಳ್ಳಿನ ಬಾಯಗಲದ ಒಂದೂವರೆಯಷ್ಟು ಉದ್ದವಿರಲಿ. ಗರಿಯ ದಂಟನ್ನು ಮೈಯ ಮುಂದೆ ಕಟ್ಟಿ, ಗರಿಯ ತುದಿಯನ್ನು ಹಿಡಿದು ಮೂರು ನಾಲ್ಕು ಸುತ್ತು ಸುತ್ತಿ. ಎಳೆಗಳು ಸುತ್ತಲೂ ಚಕ್ರದಂತೆ ಕೆದರಿ ನಿಲ್ಲುತ್ತವೆ. ಇವು ಹುಳುವಿನ ಕಾಲು, ರೆಕ್ಕೆ.

೪. ಗರಿಯ ತುದಿಯನ್ನು ದಾರದಿಂದ ಬಂಧಿಸಿ ಕತ್ತರಿಸಿ. ಕಣ್ಣಿನ ಹಿಂದೆ ನಾಲ್ಕು ಕುಣಿಕೆ ಒಂದರ ಮೇಲೊಂದು ಹಾಕಿ ಬಿಗಿಯಿರಿ. ದಾರ ಕತ್ತರಿಸಿ ಒಂದು ತೊಟ್ಟು ಉಗುರುಬಣ್ಣ ಹಚ್ಚಿ. ಕಣ್ಣು ಮುಚ್ಚಿಹೋಗದಂತೆ ನೋಡಿಕೊಳ್ಳಿ.

ನಮ್ಮ ಮೊದಲ ಕಟ್ಟು ಅರ್ಧ ಗಂಟೆ ಹಿಡಿಯಿತು. ಮೂರನೆಯ ಬೀಸಿಗೆ ಗರಿ ಬಿಚ್ಚಿ ಬರಿಯ ಮುಳ್ಳು ಉಳಿಯಿತು. ಕುಣಿಕೆ ಬಿಗಿಯದಿದ್ದುದೇ ಕಾರಣ. ಹತ್ತು ಕಟ್ಟಿದ ಮೇಲೆ ಕೈಗೆ ತಾನಾಗಿ ಬರುತ್ತದೆ.

ಮೂರು ಕಟ್ಟು ಸಾಕು

ಈಸಲು ಕಟ್ಟು: ೧೨ ನಂಬರು, ಕಂದು ಉಣ್ಣೆಯ ಮೈ, ಹುಂಜದ ಕೆಂಗಂದು ಗರಿ. ನೀರಿನ ಮೇಲೆ ತೇಲಬೇಕು. ಸಂಜೆಯ ಹೊತ್ತಿಗೆ ಇದೇ ಮೇಲು.

ಒಳನೀರ ಕಟ್ಟು: ೧೦ ನಂಬರು, ಕಪ್ಪು ಅಥವಾ ಬೂದು ಮೈ, ಹೇಂಟೆಯ ಮೆದು ಗರಿ. ಕಟ್ಟುವಾಗ ಎಳೆಗಳನ್ನು ಮುಳ್ಳಿನ ಕಣ್ಣಿನ ಕಡೆಗೆ, ಅಂದರೆ ಮುಂದಕ್ಕೆ ಬಾಗಿಸಿ. ದಾರವನ್ನು ಸಣ್ಣಗೆ ಜಗ್ಗಿ ಬಿಟ್ಟಂತೆಲ್ಲ ಅವು ಮುಚ್ಚಿ ತೆರೆದು ಜೀವವಿದ್ದಂತೆ ಕಾಣುತ್ತವೆ. ಜಪಾನಿನವರ ಕಟ್ಟು ಇದೇ. ಜಿಲೇಬಿಗೆ ಇದು ಸರಿ.

ಕಪ್ಪೆ ಕಟ್ಟು: ೨ ನಂಬರು, ಮೇಕೆಯ ಉದ್ದನೆಯ ಕೂದಲು ಒಂದು ಹಿಡಿ, ಅದರ ಎರಡು ಪಕ್ಕದಲ್ಲಿ ಹುಂಜದ ಬಾಲದ ಗರಿ ಒಂದೊಂದು, ಕಾಲಿನಂತೆ. ಇದನ್ನು ಜೊಂಡಿನ ಅಂಚಿಗೆ ಬಿಟ್ಟು ತಡೆತಡೆದು ಎಳೆದರೆ ಕೊರವ ಎರಗುತ್ತದೆ. ಇದಕ್ಕೆ ಗಟ್ಟಿ ದಾರ ಬೇಕು.

ಗರಿಗಾಗಿ ಹಕ್ಕಿಯನ್ನು ಕೊಲ್ಲಬೇಡಿ. ದಕ್ಷಿಣದ ಕಾಡುಗಳ ಬೂದು ಕಾಡುಕೋಳಿಯ ಕೊರಳಿನಲ್ಲಿ ಮೇಣದ ಹನಿಯಂತೆ ಹೊಳೆಯುವ ಚುಕ್ಕೆಯ ಗರಿಗಳಿವೆ. ವಿಲಾಯತಿಯಲ್ಲಿ ಗಾಳ ಕಟ್ಟುವವರಿಗೆ ಆ ಗರಿಯ ಹುಚ್ಚು ಹತ್ತಿ, ಬಹಳ ಕಾಲ ನಮ್ಮ ಕಾಡುಕೋಳಿಗಳ ಚರ್ಮ ರಾಶಿರಾಶಿಯಾಗಿ ಹಡಗೇರಿತು. ೧೯೬೦ರ ದಶಕದ ಕೊನೆಯಲ್ಲಿ ಭಾರತವು ಈ ರಫ್ತನ್ನು ನಿಲ್ಲಿಸಿತು. ೧೯೭೨ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕಾಡುಹಕ್ಕಿಗೆ ಕೈಹಾಕುವುದು ಅಪರಾಧ. ಹಿತ್ತಿಲಿನ ಹುಂಜ ಕೊಡುವುದೇ ನಮಗೆ ಬೇಕಾದಷ್ಟು.

ಬೀಸುವ ಬಗೆ

ಕೋಲನ್ನು ಗಡಿಯಾರದ ಮುಳ್ಳೆಂದು ಭಾವಿಸಿ. ನಿಮ್ಮ ಮುಂದೆ ಹತ್ತು ಗಂಟೆ, ನೆತ್ತಿಯ ಮೇಲೆ ಹನ್ನೆರಡು. ಮೊಣಕೈಯನ್ನು ಪಕ್ಕೆಯ ಹತ್ತಿರವಿಟ್ಟು ಕೋಲನ್ನು ಹತ್ತರಿಂದ ಹನ್ನೆರಡಕ್ಕೆ ಚುರುಕಾಗಿ ಎತ್ತಿ ನಿಲ್ಲಿಸಿ. ದಾರ ಬೆನ್ನ ಹಿಂದೆ ಪೂರ್ತಿ ಚಾಚಿಕೊಳ್ಳುವವರೆಗೆ ಒಂದು ಉಸಿರು ತಾಳಿ. ಬಳಿಕ ಮತ್ತೆ ಹತ್ತಕ್ಕೆ ತಂದು ನಿಲ್ಲಿಸಿ. ಬಲ ಬೇಡ, ನಿಲುಗಡೆ ಬೇಕು. ದಾರಕ್ಕಿಂತ ಮೊದಲು ಗರಿ ನೀರಿಗೆ ಮುಟ್ಟಿದರೆ ಬೀಸು ಸರಿಯಾಯಿತು. ಹಿಂದೆ ಚಾಚುವ ಮೊದಲೇ ಮುಂದಕ್ಕೆ ಬೀಸಿದರೆ ಚಾವಟಿಯಂತೆ ಚಟ್ಟೆಂದು ಮುಳ್ಳು ಹರಿದುಹೋಗುತ್ತದೆ. ನೀರಿಗೆ ಹೋಗುವ ಮುನ್ನ ಮುಳ್ಳಿಲ್ಲದೆ, ತುದಿಗೆ ಒಂದು ಉಣ್ಣೆಯ ತುಣುಕು ಕಟ್ಟಿ ಕಣದಲ್ಲಿ ಅಭ್ಯಾಸ ಮಾಡಿ. ಬೆನ್ನ ಹಿಂದೆ ಜಾಲಿಯ ಗಿಡವಿರಬಾರದು. ನಮ್ಮ ಮೊದಲ ದಿನದ ಬೇಟೆ ಜಾಲಿಯ ಕೊಂಬೆಯೇ.

ಮೀನು ಗರಿಯನ್ನು ಹಿಡಿದ ಕ್ಷಣದಲ್ಲಿಯೇ ಕೋಲನ್ನು ಮೆಲ್ಲನೆ ಎತ್ತಬೇಕು. ಎರೆಹುಳುವಾದರೆ ಮೀನು ನುಂಗಲು ಕಾಯಬಹುದು. ಗರಿಯಲ್ಲಿ ರುಚಿಯಿಲ್ಲವೆಂದು ತಿಳಿದ ಮೀನು ಕಣ್ಣು ಮಿಟುಕಿಸುವಷ್ಟರಲ್ಲಿ ಉಗುಳುತ್ತದೆ.

ಎಲ್ಲಿ, ಯಾವಾಗ

ಬೆಳಗಿನ ತಂಪು ಮತ್ತು ಇಳಿಹೊತ್ತು ಸರಿಯಾದ ಸಮಯ. ಹೊಸ ನೀರಿನ ಕೆಂಪು ರಾಡಿಯಲ್ಲಿ ಮೀನಿಗೆ ಗರಿ ಕಾಣಿಸದು, ನೀರು ತಿಳಿಯಾಗಲಿ. ಕೌತಾಳಂ, ಕೋಸಿಗಿ ಕಡೆಯ ಹೊಳೆಯಲ್ಲಾದರೆ ಬಂಡೆಯ ಹಿಂದಿನ ತಣ್ಣೀರು, ಓಟದ ನೀರು ನಿಂತ ನೀರಿಗೆ ಕೂಡುವ ಗೆರೆ. ಉಪಕಾಲುವೆಯಲ್ಲಾದರೆ ತೂಬಿನ ಕೆಳಗಿನ ಗುಂಡಿ. ಮೀನು ನೀರಿನ ಹರಿವಿಗೆ ಎದುರಾಗಿ ಮುಖವಿಟ್ಟು ನಿಲ್ಲುತ್ತದೆ. ಆದ್ದರಿಂದ ಹಿಂದಿನಿಂದ ಹೋಗಿ, ನಿಮ್ಮ ನೆರಳು ನೀರಿಗೆ ಬೀಳದಂತೆ ನಿಲ್ಲಿ.

ದೊಡ್ಡ ಕಾಲುವೆಯ ಸಿಮೆಂಟಿನ ಇಳಿಜಾರಿನಲ್ಲಿ ಇಳಿಯಲೇಬೇಡಿ. ಪಾಚಿಯ ಮೇಲೆ ಕಾಲು ಜಾರಿದರೆ ಈಜು ಬಲ್ಲವರಿಗೂ ಹತ್ತಿ ಬರುವುದು ಕಷ್ಟ. ಕರೆಂಟಿನ ತಂತಿಯ ಕೆಳಗೆ ಉದ್ದ ಕೋಲು ಎತ್ತಬೇಡಿ. ತುಂಗಭದ್ರೆಯಲ್ಲಿ ಮೊಸಳೆಗಳಿವೆ, ಆಳದ ಮಡುವಿಗೆ ಇಳಿಯದೆ ದಂಡೆಯಿಂದಲೇ ಬೀಸಿ. ಕೆರೆ, ಜಲಾಶಯಗಳ ಮೀನಿನ ಹಕ್ಕನ್ನು ಸಂಘಕ್ಕೋ ಗುತ್ತಿಗೆದಾರರಿಗೋ ಕೊಟ್ಟಿರುವಲ್ಲಿ ಅವರನ್ನು ಕೇಳಿಯೇ ಹಾಕಬೇಕು. ಬಲೆಯೇ ಬದುಕಾದ ಬೆಸ್ತರ ಅನ್ನಕ್ಕೆ ನಮ್ಮ ವಿನೋದ ಅಡ್ಡ ಬರಬಾರದು.

ಯಾವುದನ್ನು ಬಿಡಬೇಕು

ಗರಿಗಾಳದ ದೊಡ್ಡ ಗುಣವೆಂದರೆ ಅದು ಒಂದೊಂದಾಗಿ ಹಿಡಿಯುತ್ತದೆ, ಹಿಡಿದದ್ದು ಜೀವಂತವಾಗಿ ಕೈಗೆ ಬರುತ್ತದೆ. ಇಟ್ಟುಕೊಳ್ಳುವುದೋ ಬಿಡುವುದೋ ಎಂದು ಯೋಚಿಸಲು ಅವಕಾಶವಿದೆ. ವಿಷಕ್ಕೂ ಸಿಡಿಮದ್ದಿಗೂ ಆ ವಿವೇಕವಿಲ್ಲ.

ಜಿಲೇಬಿಯನ್ನು ಎಷ್ಟಾದರೂ ಹಿಡಿಯಿರಿ. ಅದು ನಮ್ಮ ನಾಡಿನದಲ್ಲ. ೧೯೫೨ರಲ್ಲಿ ಹೊರಗಿನಿಂದ ತಂದದ್ದು. ಮಿತಿಯಿಲ್ಲದೆ ಹೆಚ್ಚಿ ನಮ್ಮ ಮೀನಿನ ಮೇವನ್ನು ಕಸಿಯುತ್ತದೆ. ಕೊರವನ ವಿಷಯ ಬೇರೆ. ಜೊಂಡಿನ ನಡುವೆ ಕೆಂಪು ಮರಿಗಳ ಗುಂಪು ಚೆಂಡಿನಂತೆ ಮೇಲೆ ಬಂದು ಮುಳುಗುತ್ತಿದ್ದರೆ, ಅದರ ಕೆಳಗೆ ತಂದೆತಾಯಿ ಕಾವಲಿರುತ್ತವೆ. ಆಗ ಅವು ಏನು ಕಂಡರೂ ಎರಗುವುದರಿಂದ ಹಿಡಿಯುವುದು ಬಹಳ ಸುಲಭ. ಹಿಡಿದರೆ ಆ ಮರಿಗಳೆಲ್ಲ ಬೇರೆ ಮೀನಿನ ಬಾಯಿಗೆ. ಕೋಲು ಮಡಿಸಿ ಬೇರೆ ಕಡೆ ಹೋಗಿ. ಬಸುರಿ ಮೀನನ್ನೂ, ಅಪರೂಪಕ್ಕೆ ಸಿಕ್ಕಬಹುದಾದ ಮಹಶೀರನ್ನೂ ಒದ್ದೆ ಕೈಯಿಂದ ಹಿಡಿದು, ಹರಿವಿಗೆ ಮುಖಮಾಡಿಸಿ ಬಿಟ್ಟುಬಿಡಿ. ಶೃಂಗೇರಿಯ ತುಂಗೆಯಲ್ಲಿ ದೇವರ ಮೀನೆಂದು ಜನ ಮಂಡಕ್ಕಿ ಹಾಕುವುದು ಇಂಥ ಮೀನುಗಳಿಗೇ; ಅದೇ ತುಂಗೆಯ ನೀರು ನಮ್ಮ ಹೊಲಕ್ಕೂ ಬರುತ್ತದೆ.

ಈ ಕಾಳಜಿ ಹೊಸತಲ್ಲ. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ಎಂಬ ಆಂಗ್ಲ ಅಧಿಕಾರಿ ಗಾಳದ ಬೇಟೆಯಲ್ಲಿ ಪಳಗಿದವನು. ೧೮೭೩ರಲ್ಲಿ ಅವನು ಪ್ರಕಟಿಸಿದ 'ದಿ ರಾಡ್ ಇನ್ ಇಂಡಿಯಾ' ಗ್ರಂಥ ಇಂದಿಗೂ ಗಾಳದವರಿಗೆ ಪ್ರಮಾಣ. ಹೊಳೆಗಳಲ್ಲಿ ವಿಷ ಬೆರೆಸಿ, ಸಣ್ಣ ಕಣ್ಣಿನ ಬಲೆಯಿಂದ ಮರಿಗಳನ್ನು ಬಳಿದು ಮೀನಿನ ಸಂತಾನವೇ ನಾಶವಾಗುತ್ತಿದೆಯೆಂದು ಅವನು ಸರಕಾರವನ್ನು ಎಚ್ಚರಿಸಿದನು. ೧೮೯೭ರ ಮೀನುಗಾರಿಕೆ ಕಾಯಿದೆ ಸಿಡಿಮದ್ದನ್ನೂ ವಿಷವನ್ನೂ ಅಪರಾಧವೆಂದು ಸಾರಿತು. ಬಳ್ಳಾರಿ ಜಿಲ್ಲೆಗೆ ಸೇರಿದ್ದ ಆದವಾನಿ, ಆಲೂರು ತಾಲೂಕುಗಳು ೧೯೫೩ರ ಅಕ್ಟೋಬರ್ ೧ರಂದು ಆಂಧ್ರಕ್ಕೆ ಹೋದವು. ಗಡಿ ಬದಲಾಯಿತು, ಆದರೆ ವಿಷ, ಸಿಡಿಮದ್ದುಗಳ ನಿಷೇಧ ಗಡಿಯ ಎರಡೂ ಕಡೆ ಇದೆ. ಹೊಳೆಯೂ ಎರಡೂ ಕಡೆಯದೇ. ಕಂಪ್ಲಿಯ ಮೇಲಿನ ತುಂಗಭದ್ರೆಯನ್ನು ಕರ್ನಾಟಕವು ೨೦೧೫ರಲ್ಲಿ ನೀರುನಾಯಿಗಳ ಸಂರಕ್ಷಣೆಗೆ ಮೀಸಲಿಟ್ಟಿತು. ಮೀನು ಉಳಿದರಷ್ಟೇ ನೀರುನಾಯಿ ಉಳಿದೀತು.

ಕೊನೆಯದಾಗಿ ಹತ್ತಿ ಬೆಳೆಗಾರರಿಗೆ ಒಂದು ಮಾತು. ಔಷಧಿ ಹೊಡೆದ ಪಂಪನ್ನು, ಖಾಲಿ ಡಬ್ಬಿಯನ್ನು ಕಾಲುವೆಯಲ್ಲಿ ತೊಳೆಯಬೇಡಿ. ಮೀನಿಗಿಂತ ಮೊದಲು ಸಾಯುವುದು ಮೀನಿನ ಆಹಾರವಾದ ನೀರಹುಳು. ಹುಳು ಸತ್ತ ನೀರಿನಲ್ಲಿ ಎಂಥ ಚೆಂದದ ಗರಿ ಕಟ್ಟಿದರೂ ವ್ಯರ್ಥ. ನಮ್ಮಂತೆಯೇ ಗಡಿಯಾಚೆಗಿರುವ ಕಾಸರಗೋಡಿನ ಕನ್ನಡಿಗರು ಗೇರುತೋಟದ ಮೇಲೆ ಸುರಿದ ಎಂಡೋಸಲ್ಫಾನಿನಿಂದ ಪಟ್ಟ ಪಾಡು ನಾಡಿಗೆಲ್ಲ ತಿಳಿದದ್ದು. ೨೦೧೧ರಲ್ಲಿ ಸುಪ್ರೀಂ ಕೋರ್ಟು ಆ ಔಷಧಿಯನ್ನು ತಡೆಯಿತು. ಮೀನಿಗೆ ಅದು ಕಡುವಿಷ. ಈಗ ಅಂಗಡಿಯಲ್ಲಿ ದೊರೆಯುವ ಬೇರೆ ಔಷಧಿಗಳಲ್ಲಿಯೂ ನೀರಿಗೆ ಬಿದ್ದರೆ ಮೀನಿಗೆ ಕೇಡಾದವು ಹಲವಿವೆ. ಡಬ್ಬಿಯ ಮೇಲಿನ ಸೂಚನೆಯನ್ನು ಓದಿಸಿ ಕೇಳಿ.

ಗರಿಗಾಳದಿಂದ ಗಾಡಿ ತುಂಬ ಮೀನು ಬರುವುದಿಲ್ಲ. ಕೈ ಪಳಗಿದ ಮೇಲೆ ಒಂದು ಸಂಜೆಗೆ ಒಂದು ಮನೆಯ ಸಾರಿಗೆ ಸಾಲುವಷ್ಟು ಬಂದರೆ ಲಾಭವೇ. ಮರುದಿನ ಹೋದಾಗಲೂ ಆ ಮಡುವಿನಲ್ಲಿ ಮೀನಿರುತ್ತದೆ, ಎಮ್ಮೆ ನೀರು ಕುಡಿಯುತ್ತದೆ. ಸುಗ್ಗಿಯ ಕೆಲಸ ಮುಗಿಸಿ ಮನೆಗೆ ಬಂದ ಹೊತ್ತಿನಲ್ಲಿ ಹಿತ್ತಿಲಿನ ಹುಂಜದ ಒಂದೆರಡು ಗರಿ ಆರಿಸಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಕಟ್ಟು ಕಟ್ಟಿ ನೋಡಿ.